ಮನಸ್ಸಿನ ರೋಗ, ಮಾತ್ರೆ ಮತ್ತು ತವಕ್ಕುಲ್

ನಮ್ಮ ಮನೆಗಳಲ್ಲಿ ಔಷಧಗಳನ್ನಿಡಲು ಎರಡು ಸ್ಥಳಗಳಿರುತ್ತವೆ. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮೊಣಕಾಲು ನೋವಿನ ಮುಲಾಮು ಮುಂತಾದವು ಫ್ರಿಜ್ಜಿನ ಮೇಲೋ ಊಟದ ಮೇಜಿನ ಅಂಚಿನಲ್ಲೋ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತವೆ. ಇಫ್ತಾರಿನ ಹೊತ್ತಿನಲ್ಲಿ ಖರ್ಜೂರದ ತಟ್ಟೆಯ ಪಕ್ಕದಲ್ಲೇ ಅಜ್ಜನ ಮಾತ್ರೆಯ ಡಬ್ಬಿಯಿದ್ದರೆ ಅದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಆದರೆ ಅದೇ ಮನೆಯಲ್ಲಿ ಖಿನ್ನತೆಗೋ, ಗೀಳು ರೋಗಕ್ಕೋ, ಚಿತ್ತವಿಕಲತೆಗೋ ಔಷಧ ಸೇವಿಸುವವರಿದ್ದರೆ ಆ ಮಾತ್ರೆಗಳು ಕಪಾಟಿನೊಳಗೆ ಬಟ್ಟೆಗಳ ಅಡಿಯಲ್ಲಿರುತ್ತವೆ. ಅವುಗಳನ್ನು ಊರಿನ ಔಷಧದಂಗಡಿಯಿಂದ ಖರೀದಿಸುವುದಿಲ್ಲ; ಪರಿಚಯದವರಾರೂ ಇಲ್ಲದ ಪೇಟೆಗೆ ಬಸ್ಸು ಹತ್ತಿ ಹೋಗಿ ತರಲಾಗುತ್ತದೆ. ವೈದ್ಯರ ಚೀಟಿಯನ್ನು ನಾಲ್ಕಾಗಿ ಮಡಚಿ ಪರ್ಸಿನ ಒಳಜೇಬಿನಲ್ಲಿ ಇಡಲಾಗುತ್ತದೆ.

ಇದು ಕೇವಲ ಲೋಕಾಪವಾದದ ಭಯವಾಗಿದ್ದರೆ ಧಾರ್ಮಿಕ ಲೇಖನವೊಂದರಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಮಾನಸಿಕ ರೋಗವನ್ನು ಮುಚ್ಚಿಡುವ ಪ್ರವೃತ್ತಿ ಎಲ್ಲ ಸಮುದಾಯಗಳಲ್ಲಿಯೂ ಇದೆ. ನಮ್ಮಲ್ಲಿ ಅದಕ್ಕೆ ಧರ್ಮದ ಉಡುಪನ್ನು ತೊಡಿಸಲಾಗಿದೆ ಎಂಬುದೇ ಚಿಂತೆಯ ವಿಷಯ. ಈಮಾನ್ ಗಟ್ಟಿಯಿರುವವನಿಗೆ ಖಿನ್ನತೆ ಬರುವುದುಂಟೇ, ಐದು ಹೊತ್ತು ನಮಾಝ್ ಸರಿಯಾಗಿ ನಿರ್ವಹಿಸಿದರೆ ಮಾತ್ರೆ ಏತಕ್ಕೆ, ಕುರ್‌ಆನ್ ಮನೆಯಲ್ಲಿರುವಾಗ ಮನೋವೈದ್ಯರ ಬಳಿಗೆ ಹೋಗುವುದೇ ಎಂಬ ಮಾತುಗಳನ್ನು ರೋಗಿಗೆ ಹೇಳುವವರು ಅವನ ಶತ್ರುಗಳಲ್ಲ. ತಾಯಿ ಹೇಳುತ್ತಾಳೆ, ಸೋದರಮಾವ ಹೇಳುತ್ತಾನೆ. ಕೆಲವೊಮ್ಮೆ ಮಿಂಬರ್‌ನಿಂದಲೂ ಅದೇ ಧ್ವನಿ ಕೇಳಿಬರುತ್ತದೆ. ರೋಗಿಯು ಅದನ್ನು ನಂಬಿಬಿಡುತ್ತಾನೆ. ಪ್ರತಿದಿನ ಮಾತ್ರೆ ನುಂಗುವಾಗ ತನ್ನ ತವಕ್ಕುಲ್ ಸುಳ್ಳೆಂದು ತಾನೇ ಸಾಕ್ಷಿ ನುಡಿಯುತ್ತಿರುವೆನೆಂದು ಅವನಿಗೆ ಅನಿಸತೊಡಗುತ್ತದೆ. ಸ್ವಲ್ಪ ಚೇತರಿಕೆ ಕಂಡೊಡನೆ, ಹೆಚ್ಚಾಗಿ ರಮಝಾನ್ ತಿಂಗಳಲ್ಲಿ ಅಥವಾ ಉಮ್ರಾ ಯಾತ್ರೆಯ ಬಳಿಕ, ಇನ್ನು ಅಲ್ಲಾಹನ ಮೇಲೆ ಮಾತ್ರ ಭರವಸೆಯಿಡುವೆನೆಂದು ನಿರ್ಧರಿಸಿ ಮಾತ್ರೆಯನ್ನು ನಿಲ್ಲಿಸಿಬಿಡುತ್ತಾನೆ. ಅದರ ಪರಿಣಾಮವನ್ನು ಅನುಭವಿಸುವುದು ಅವನೊಬ್ಬನೇ ಅಲ್ಲ. ಅವನ ಪತ್ನಿ, ಮಕ್ಕಳು, ವೃದ್ಧ ತಂದೆತಾಯಿ ಎಲ್ಲರೂ ಅನುಭವಿಸುತ್ತಾರೆ.

ಈ ಯೋಚನಾಕ್ರಮವು ಭಕ್ತಿಯಂತೆ ಕಂಡರೂ ನಮ್ಮ ಧರ್ಮದ ಮೂಲಗಳಲ್ಲಿ ಅದಕ್ಕೆ ಬುಡವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ದುಃಖಿಸುವ ಹೃದಯವು ದುರ್ಬಲ ಈಮಾನಿನ ಗುರುತು ಎಂಬ ಮಾತನ್ನು ಮೊದಲು ಪರಿಶೀಲಿಸೋಣ. ಪ್ರವಾದಿ ಯಾಕೂಬ್(ಅ) ತಮ್ಮ ಪುತ್ರ ಯೂಸುಫ್(ಅ)ರ ಅಗಲಿಕೆಯಲ್ಲಿ ಕಣ್ಣುಗಳು ಬೆಳ್ಳಗಾಗುವಷ್ಟು ಕೊರಗಿದರೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಯಾವ ಮುಫಸ್ಸಿರರೂ ಬರೆದಿಲ್ಲ. ಪ್ರಸವವೇದನೆಯ ಏಕಾಂತದಲ್ಲಿ ಮರ್ಯಮ್(ಅ) ತಾನು ಇದಕ್ಕೆ ಮುನ್ನವೇ ಸತ್ತು ಮರೆತುಹೋಗಿದ್ದರೆ ಎಂದು ಹಂಬಲಿಸಿದರು. ಆಗ ಅವರಿಗೆ ದೊರೆತ ಉತ್ತರವನ್ನು ಗಮನಿಸಬೇಕು. ಗದರಿಕೆಯಾಗಲಿ ಉಪದೇಶವಾಗಲಿ ಅದರಲ್ಲಿರಲಿಲ್ಲ. ಕಾಲಡಿಯಲ್ಲಿ ಹರಿಯುವ ನೀರು, ಖರ್ಜೂರದ ಮರ, ಅದರ ಕಾಂಡವನ್ನು ಅಲುಗಿಸಿ ತಿನ್ನಬೇಕೆಂಬ ಸೂಚನೆ ಇತ್ತು. ಬಾಣಂತಿಯಾಗಲಿದ್ದ ದುರ್ಬಲ ಹೆಣ್ಣೊಬ್ಬಳಿಗೆ ಹಣ್ಣನ್ನು ನೇರವಾಗಿ ಮಡಿಲಿಗೆ ಉದುರಿಸಲು ಅಲ್ಲಾಹನಿಗೆ ಅಸಾಧ್ಯವೇನಿರಲಿಲ್ಲ. ಆದರೂ ಕೈಚಾಚುವ ಕೆಲಸವನ್ನು ಆಕೆಗೇ ಬಿಡಲಾಯಿತು. ಸಹನೆಗೆ ಹೆಸರಾದ ಅಯ್ಯೂಬ್(ಅ)ರ ಪ್ರಾರ್ಥನೆ ಸ್ವೀಕೃತವಾದಾಗಲೂ ಕಾಲಿನಿಂದ ನೆಲವನ್ನು ತುಳಿಯುವಂತೆ ಆಜ್ಞೆಯಾಯಿತು. ಅಲ್ಲಿ ಚಿಮ್ಮಿದ ತಣ್ಣೀರು ಸ್ನಾನಕ್ಕೂ ಪಾನಕ್ಕೂ ಆಯಿತು. ಗುಣಪಡಿಸಿದವನು ಅಲ್ಲಾಹನೇ, ಆದರೆ ನೀರಿನ ಮೂಲಕ. ಪ್ರವಾದಿಗಳಿಗೆ ಮನೋರೋಗವಿತ್ತೆಂದು ಇದರಿಂದ ಯಾರೂ ಅರ್ಥೈಸಬಾರದು, ಅಲ್ಲಾಹನು ಕಾಪಾಡಲಿ. ಕಣ್ಣೀರಿಗೂ ಕುಫ್ರ್‌ಗೂ ಸಂಬಂಧವಿಲ್ಲವೆಂಬುದಷ್ಟೇ ಇಲ್ಲಿನ ತಾತ್ಪರ್ಯ.

ಇನ್ನು ಪ್ರವಾದಿ ಮುಹಮ್ಮದ್(ಸ)ರ ಚರ್ಯೆಯನ್ನು ನೋಡೋಣ. ಗ್ರಾಮೀಣ ಅರಬರು ಬಂದು ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದಾಗ ಪಡೆಯಿರಿ ಎಂದೇ ಅವರು ಅಪ್ಪಣೆಯಿತ್ತರು. ವೃದ್ಧಾಪ್ಯವೊಂದರ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇರಿಸಿರುವನೆಂದೂ ತಿಳಿಸಿದರು. ಉಸಾಮಾ ಬಿನ್ ಶರೀಕ್(ರ) ವರದಿ ಮಾಡಿದ ಈ ಹದೀಸ್ ತಿರ್ಮಿದಿ ಮತ್ತು ಅಬೂದಾವೂದ್ ಸಂಗ್ರಹಗಳಲ್ಲಿದೆ. ಅಲ್ಲಿ ದೇಹದ ರೋಗ, ಮನಸ್ಸಿನ ರೋಗ ಎಂಬ ವಿಭಜನೆಯಿಲ್ಲ. ಮಾತ್ರವಲ್ಲ, ದುಃಖತಪ್ತರಿಗೆಂದೇ ಒಂದು ಆಹಾರವನ್ನು ಪ್ರವಾದಿವರ್ಯರು(ಸ) ಸೂಚಿಸಿದ್ದರು. ಮನೆಯಲ್ಲಿ ಮರಣ ಸಂಭವಿಸಿದಾಗ ಆಯಿಶಾ(ರ) ತಲ್ಬೀನಾ ಎಂಬ ಬಾರ್ಲಿಯ ಗಂಜಿಯನ್ನು ತಯಾರಿಸಿಸುತ್ತಿದ್ದರು. ಅದು ಹೃದಯಕ್ಕೆ ಸಮಾಧಾನ ನೀಡಿ ದುಃಖವನ್ನು ಒಂದಿಷ್ಟು ತಗ್ಗಿಸುವುದೆಂದು ತಾವು ಪ್ರವಾದಿ(ಸ)ರಿಂದ ಕೇಳಿರುವುದಾಗಿ ಅವರು ಹೇಳಿದ್ದು ಬುಖಾರಿಯಲ್ಲಿದೆ. ಬಾಯಿಯ ಮೂಲಕ ಸೇವಿಸುವ ವಸ್ತುವಿನಿಂದ ಮನಸ್ಸಿನ ಭಾರ ಇಳಿಯಬಹುದೆಂಬ ತತ್ವವನ್ನು ಒಪ್ಪಲು ನಮಗೆ ಆಧುನಿಕ ವಿಜ್ಞಾನದ ಸಾಕ್ಷ್ಯಕ್ಕಾಗಿ ಕಾಯಬೇಕಾಗಿರಲಿಲ್ಲ.

ಅಲ್ಲಾಹನ ಸ್ಮರಣೆಯಲ್ಲಿ ಹೃದಯಗಳಿಗೆ ಶಾಂತಿಯಿದೆ ಎಂದು ಕುರ್‌ಆನೇ ತಿಳಿಸಿರುವಾಗ ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಅದು ಸತ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಜೇನಿನಲ್ಲಿ ಮನುಷ್ಯರಿಗೆ ಶಮನವಿದೆ ಎಂದೂ ತಿಳಿಸುತ್ತದೆ. ಕುರ್‌ಆನ್ ಶಿಫಾ ಆಗಿರುವಾಗ ಜೇನು ಏಕೆಂದು ಯಾರೂ ಕೇಳುವುದಿಲ್ಲ. ಶಿಫಾ ನೀಡುವವನು ಒಬ್ಬನೇ, ಅವನು ತೆರೆದಿಟ್ಟ ಬಾಗಿಲುಗಳು ಹಲವು. ಝಿಕ್ರ್ ಮಾಡಲು ಕೂಡ ಒಂದು ಮನಸ್ಸು ಬೇಕಲ್ಲವೇ? ತೀವ್ರ ಖಿನ್ನತೆಯಲ್ಲಿರುವವನಿಗೆ ಹಾಸಿಗೆಯಿಂದ ಏಳುವುದೇ ಕಷ್ಟ. ಸುಜೂದ್‌ನಲ್ಲಿ ನಾಲಿಗೆ ಅಲುಗಿದರೂ ಹೃದಯ ಕಲ್ಲಿನಂತಿರುತ್ತದೆ. ತಾನು ಅಲ್ಲಾಹನಿಂದ ಶಾಶ್ವತವಾಗಿ ತಿರಸ್ಕೃತನಾಗಿದ್ದೇನೆ ಎಂಬ ಭಾವನೆ ಹಲವೊಮ್ಮೆ ರೋಗದ್ದೇ ಲಕ್ಷಣವಾಗಿರುತ್ತದೆ. ಅದನ್ನು ಅವನ ಈಮಾನಿನ ವರದಿಯೆಂದು ಓದುವುದು, ಜ್ವರ ಬಂದವನ ನಡುಕವನ್ನು ಹೇಡಿತನವೆಂದು ಓದಿದಂತೆ.

ಎದುರು ವಾದಕ್ಕೂ ಆಧಾರಗಳಿವೆ. ಅವುಗಳನ್ನು ಮರೆಮಾಚಿ ಮುಂದೆ ಸಾಗುವುದು ಪ್ರಾಮಾಣಿಕತೆಯಲ್ಲ. ವಿಚಾರಣೆಯಿಲ್ಲದೆ ಸ್ವರ್ಗ ಪ್ರವೇಶಿಸುವ ಎಪ್ಪತ್ತು ಸಾವಿರ ಮಂದಿಯ ಗುಣಗಳನ್ನು ವಿವರಿಸುವ ಹದೀಸ್‌ನಲ್ಲಿ ಮಂತ್ರಿಸಿಕೊಳ್ಳಲು ಕೇಳದಿರುವುದು, ಬರೆ ಹಾಕಿಸಿಕೊಳ್ಳದಿರುವುದು, ಶಕುನ ನೋಡದಿರುವುದು, ತಮ್ಮ ಪ್ರಭುವಿನ ಮೇಲೆ ಭರವಸೆಯಿಡುವುದು ಎಂಬ ಗುಣಗಳು ಬಂದಿವೆ. ಮಾತ್ರೆಯನ್ನು ವಿರೋಧಿಸಲು ಈ ಹದೀಸನ್ನು ಉದ್ಧರಿಸುವವರು ಅದೇ ಬಾಯಿಯಿಂದ ರೋಗಿಯನ್ನು ಮಂತ್ರಿಸುವವರ ಬಳಿಗೆ ಕರೆದೊಯ್ಯಿರಿ ಎನ್ನುತ್ತಾರೆ. ಹದೀಸ್‌ನಲ್ಲಿ ಮೊದಲು ಹೆಸರಿಸಿರುವುದೇ ಅದನ್ನು ಎಂಬುದನ್ನು ಅವರು ಗಮನಿಸಿದಂತಿಲ್ಲ. ತವಕ್ಕುಲ್‌ನಲ್ಲಿ ಯಾರಿಗೂ ಸರಿಸಾಟಿಯಿಲ್ಲದ ಪ್ರವಾದಿವರ್ಯರು(ಸ) ಸ್ವತಃ ಹಿಜಾಮ ಮಾಡಿಸಿಕೊಂಡಿದ್ದರು. ಉಹುದ್‌ನಲ್ಲಿ ಅವರ ಮುಖಕ್ಕೆ ಗಾಯವಾಗಿ ರಕ್ತ ನಿಲ್ಲದಿದ್ದಾಗ ಪುತ್ರಿ ಫಾತಿಮಾ(ರ) ಚಾಪೆಯ ತುಂಡನ್ನು ಸುಟ್ಟು ಬೂದಿಯನ್ನು ಗಾಯಕ್ಕೆ ಒತ್ತಿದರು.

ಎರಡನೆಯ ಆಧಾರ ಹೆಚ್ಚು ಗಂಭೀರವಾದುದು. ಅಪಸ್ಮಾರದಿಂದ ಬಳಲುತ್ತಿದ್ದ ಒಬ್ಬ ಮಹಿಳೆ ಪ್ರವಾದಿ(ಸ)ರ ಬಳಿ ಬಂದು ಪ್ರಾರ್ಥಿಸುವಂತೆ ಕೋರಿದಳು. ಸಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆನು ಎಂದು ಅವರು ಆಯ್ಕೆ ನೀಡಿದರು. ಆಕೆ ಸಹನೆಯನ್ನು ಆರಿಸಿಕೊಂಡಳು. ರೋಗ ಬಂದಾಗ ತನ್ನ ಉಡುಪು ಸರಿದು ದೇಹ ಕಾಣಿಸದಂತೆ ಮಾತ್ರ ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ಈ ಹದೀಸ್‌ನ ಆಧಾರದಲ್ಲಿಯೇ ಚಿಕಿತ್ಸೆಯು ಕಡ್ಡಾಯವಲ್ಲವೆಂದು ಹಲವು ಇಮಾಮರು ತೀರ್ಮಾನಿಸಿದ್ದಾರೆ. ತವಕ್ಕುಲ್ ಇರುವವನಿಗೆ ಚಿಕಿತ್ಸೆ ಪಡೆಯದಿರುವುದೇ ಉತ್ತಮವೆಂಬ ನಿಲುವು ಇಮಾಮ್ ಅಹ್ಮದ್‌ರಿಂದ ವರದಿಯಾಗಿದೆ. ಶಾಫಿಈ ಮದ್‌ಹಬ್‌ನ ಇಮಾಮ್ ನವವಿ ಚಿಕಿತ್ಸೆಯನ್ನು ಮುಸ್ತಹಬ್ ಎಂದಿದ್ದಾರೆ. ಆ ಕಾಲದ ವೈದ್ಯರು ಕೊಡುತ್ತಿದ್ದ ಮದ್ದಿನಿಂದ ಗುಣವಾಗುವುದು ಖಚಿತವಿರಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಚಿಕಿತ್ಸೆಯ ಫಲ ಬಹುಮಟ್ಟಿಗೆ ತಿಳಿದಿರುವ ನಮ್ಮ ಕಾಲದಲ್ಲಿ, 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಚಿಕಿತ್ಸೆ ಪಡೆಯದಿದ್ದರೆ ಪ್ರಾಣಕ್ಕೋ ಅಂಗಕ್ಕೋ ಹಾನಿಯಾಗುವಂತಿದ್ದರೆ ಅಥವಾ ರೋಗವು ಇತರರಿಗೆ ಹರಡುವಂತಿದ್ದರೆ ಚಿಕಿತ್ಸೆಯು ವಾಜಿಬ್ ಎಂದು ನಿರ್ಣಯಿಸಿತು.

ಆ ಮಹಿಳೆಯ ಘಟನೆಯಲ್ಲಿ ನಮ್ಮ ಮನೆಗಳು ಗಮನಿಸದ ಒಂದಂಶವಿದೆ. ಆಯ್ಕೆಯನ್ನು ಆಕೆಯ ಮುಂದಿಡಲಾಯಿತು, ಆಕೆಯೇ ಆರಿಸಿಕೊಂಡಳು. ರೋಗ ಬಾರದ ಹೊತ್ತಿನಲ್ಲಿ ಆಕೆಯ ಬುದ್ಧಿ ತಿಳಿಯಾಗಿತ್ತು. ಆಕೆಯ ಪರವಾಗಿ ಅಣ್ಣನೋ ಅತ್ತೆಯೋ ಸಹನೆಯನ್ನು ಆರಿಸಲಿಲ್ಲ. ಹೆರಿಗೆಯಾದ ಎರಡು ವಾರಗಳಲ್ಲಿ ನಿದ್ದೆಯಿಲ್ಲದೆ, ಮಗುವನ್ನು ಮುಟ್ಟಲೂ ಹೆದರಿ, ಗೋಡೆ ನೋಡುತ್ತ ಕುಳಿತಿರುವ ಸೊಸೆಯ ಪರವಾಗಿ ಸಬ್ರ್ ಮಾಡಲು ನಿರ್ಧರಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಸ್ವಂತ ನೋವನ್ನು ಸಹಿಸುವುದಕ್ಕೆ ಸಬ್ರ್ ಎನ್ನುತ್ತಾರೆ. ಇನ್ನೊಬ್ಬರ ನೋವನ್ನು ನೋಡುತ್ತ ಸುಮ್ಮನಿರುವುದಕ್ಕೆ ನಮ್ಮ ಫಿಕ್ಹ್‌ನಲ್ಲಿ ಆ ಹೆಸರಿಲ್ಲ. ಬುದ್ಧಿಯ ರಕ್ಷಣೆಯು ಶರೀಅತ್‌ನ ಐದು ಮೂಲ ಉದ್ದೇಶಗಳಲ್ಲೊಂದೆಂದು ಮದ್ರಸದಲ್ಲಿ ಕಲಿಸುವಾಗ ನಾವು ಮದ್ಯದ ನಿಷೇಧವನ್ನು ಮಾತ್ರ ಉದಾಹರಣೆಯಾಗಿ ಕೊಡುತ್ತೇವೆ. ಬುದ್ಧಿಯನ್ನು ಕೆಡಿಸುವುದನ್ನು ದೂರವಿಡುವುದು ಆ ರಕ್ಷಣೆಯಾದರೆ, ಕೆಟ್ಟ ಬುದ್ಧಿಯನ್ನು ಸ್ವಸ್ಥಗೊಳಿಸುವುದು ಅದರೊಳಗೆ ಬರುವುದಿಲ್ಲವೇ?

ಜಿನ್ನ್ ಮತ್ತು ಸಿಹ್ರ್‌ನ ವಿಷಯ ಬಾರದೆ ನಮ್ಮಲ್ಲಿ ಈ ಚರ್ಚೆ ಮುಗಿಯುವುದಿಲ್ಲ. ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ. ಕುರ್‌ಆನ್‌ನಲ್ಲಿ ಅವುಗಳ ಹೆಸರಿನ ಅಧ್ಯಾಯವೇ ಇದೆ. ಕುರ್‌ಆನ್ ಮತ್ತು ಪ್ರವಾದಿ ಪ್ರಾರ್ಥನೆಗಳಿಂದ ಶಿರ್ಕ್‌ನ ಲೇಪವಿಲ್ಲದೆ ಮಾಡುವ ರುಕ್ಯಾ ಅನುಮತಿಸಲ್ಪಟ್ಟಿದೆ. ಆದರೆ ಜಿನ್ನ್‌ಗಳಿವೆ ಎಂಬುದರಿಂದ ಇಂತಹ ಹುಡುಗಿಗೆ ಜಿನ್ನ್ ಹಿಡಿದಿದೆ ಎಂಬುದು ಸಾಬೀತಾಗುವುದಿಲ್ಲ. ಮನೆಯವರು ಮೂರು ಊರುಗಳ ಮೂವರು ಮಂತ್ರವಾದಿಗಳ ಬಳಿಗೆ ಹೋದರೆ ಮೂರು ಬಗೆಯ ಜಿನ್ನ್‌ಗಳ ಹೆಸರು ಹಿಡಿದುಕೊಂಡು ಹಿಂದಿರುಗುತ್ತಾರೆ. ರುಕ್ಯಾ ಓದುವವರು ಓದಲಿ, ದುಆ ಮಾಡಲಿ, ರೋಗಿಯ ತಲೆಯ ಮೇಲೆ ಕೈಯಿಟ್ಟು ಸಾಂತ್ವನ ಹೇಳಲಿ. ಮಾತ್ರೆ ನಿಲ್ಲಿಸಿದರೆ ಮಾತ್ರ ನನ್ನ ಓದು ಫಲಿಸುತ್ತದೆ ಎಂದು ಹೇಳಿದ ಕ್ಷಣದಲ್ಲಿ ಅವರು ರುಕ್ಯಾದ ಗಡಿ ದಾಟಿ ವೈದ್ಯಕೀಯಕ್ಕೆ ಕಾಲಿಟ್ಟಿರುತ್ತಾರೆ. ಔಷಧವನ್ನು ಕೊಡುವುದು ಹೇಗೆ ವೈದ್ಯಕೀಯ ನಿರ್ಧಾರವೋ ಅದನ್ನು ನಿಲ್ಲಿಸುವುದೂ ಹಾಗೆಯೇ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ತಿಳಿಸಿರುವುದು ಅಬೂದಾವೂದ್, ನಸಾಈ ಮತ್ತು ಇಬ್ನುಮಾಜಃ ಸಂಗ್ರಹಗಳಲ್ಲಿದೆ. ಫಿಕ್ಹ್ ಗ್ರಂಥಗಳಲ್ಲಿ ಇದನ್ನು ನಷ್ಟಭರ್ತಿಯ ಅಧ್ಯಾಯದಲ್ಲಿ ಓದುತ್ತೇವೆ. ಅರ್ಥಾತ್ ಇದು ಕೇವಲ ಸಲಹೆಯಲ್ಲ, ಕಾನೂನು. ಮಾತ್ರೆ ಬಿಡಿಸಿದ ವ್ಯಕ್ತಿಗೆ ಕಾಣಿಕೆ ಕೊಟ್ಟು ಬೀಳ್ಕೊಡುವ ಕುಟುಂಬಗಳು ಈ ಹದೀಸನ್ನು ಒಮ್ಮೆ ಓದಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಓರ್ವ ಬಾಲಕನಿದ್ದನು, ಹದಿನಾಲ್ಕರ ಪ್ರಾಯ. ವುಝೂ ಮಾಡಲು ಕುಳಿತರೆ ಅರ್ಧ ಗಂಟೆ ಏಳುತ್ತಿರಲಿಲ್ಲ. ಕೈ ತೊಳೆದು ಮುಖ ತೊಳೆಯುವಷ್ಟರಲ್ಲಿ ಕೈ ಸರಿಯಾಗಿ ತೊಳೆದಿಲ್ಲವೆಂಬ ಅನುಮಾನ ಬಂದು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದನು. ಜಮಾಅತ್‌ನಲ್ಲಿ ನಿಂತರೆ ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರನ್ನು ಮತ್ತೆ ಮತ್ತೆ ಹೇಳುತ್ತಿದ್ದನು. ಅಷ್ಟರಲ್ಲಿ ಇಮಾಮರು ರುಕೂಅ್‌ಗೆ ಹೋಗಿರುತ್ತಿದ್ದರು. ಊರಿನ ಹಿರಿಯರು ಅವನನ್ನು ತಖ್ವಾ ಇರುವ ಹುಡುಗನೆಂದು ಹೊಗಳಿದರು. ಚಳಿಗಾಲದಲ್ಲಿ ಅವನ ಮುಂಗೈ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ತಂದೆ ದಿನಗೂಲಿಯವರು, ಹೆಚ್ಚು ಓದಿದವರಲ್ಲ. ಆದರೂ ಮಗನನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಗೆ ಹೋದರು. ಗೀಳು ರೋಗವೆಂದು ವೈದ್ಯರು ತಿಳಿಸಿ ಮಾತ್ರೆಯನ್ನೂ, ಅನುಮಾನ ಬಂದರೂ ಮರಳಿ ತೊಳೆಯದೆ ಕುಳಿತಿರುವ ಅಭ್ಯಾಸವನ್ನೂ ಕೊಟ್ಟರು. ಕೆಲವು ತಿಂಗಳುಗಳ ಬಳಿಕ ಹುಡುಗನು ಮೂರು ಬಾರಿ ತೊಳೆದು ಎದ್ದು ಬರತೊಡಗಿದನು. ಒಂದು ದಿನ ತಂದೆ ಬಂದು, “ಉಸ್ತಾದರೇ, ಮಾತ್ರೆ ತಿಂದು ಮಾಡುವ ನಮಾಝ್ ಕಬೂಲ್ ಆಗುತ್ತದೆಯೇ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಕನ್ನಡಕ ಹಾಕಿಕೊಂಡು ಓದಿದ ಕುರ್‌ಆನ್ ಕಬೂಲ್ ಆಗುವುದಾದರೆ ಇದೂ ಆಗುತ್ತದೆ, ಇನ್‌ಶಾ ಅಲ್ಲಾಹ್ ಎಂದು ನಾವು ಹೇಳಿದೆವು.

ವಸ್‌ವಾಸ್ ನಮ್ಮ ವಿದ್ವಾಂಸರಿಗೆ ಹೊಸತಲ್ಲ. ಖಚಿತವಾದುದನ್ನು ಸಂಶಯವು ಅಳಿಸಲಾರದು ಎಂಬ ಫಿಕ್ಹ್‌ನ ಮೂಲನಿಯಮವು ಇಂತಹವರಿಗೆ ದೊಡ್ಡ ಆಸರೆ. ಹಿಜರಿ 620ರಲ್ಲಿ ನಿಧನರಾದ ಇಬ್ನು ಖುದಾಮಾ ವಸ್‌ವಾಸಿಗರ ಕುರಿತೇ ಒಂದು ಕಿರುಗ್ರಂಥ ಬರೆದರು. ಅವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿ ಎಂಬವರು ದೇಹ ಮತ್ತು ಮನಸ್ಸುಗಳ ಸ್ವಾಸ್ಥ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು; ‘ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್’ ಎಂದು ಅದರ ಹೆಸರು. ವೈದ್ಯರು ದೇಹದ ಮೇಲೆ ಮಾತ್ರ ಗಮನವಿಟ್ಟು ಮನಸ್ಸನ್ನು ಮರೆಯುತ್ತಾರೆಂಬುದು ಅವರ ದೂರು. ದುಃಖದಲ್ಲಿ ಅವರು ಎರಡು ವಿಧಗಳನ್ನು ಗುರುತಿಸಿದರು. ಪ್ರಿಯರ ಮರಣ, ಆಸ್ತಿನಷ್ಟ ಮುಂತಾದ ತಿಳಿದ ಕಾರಣದಿಂದ ಬರುವುದು ಒಂದು. ಯಾವ ಕಾರಣವೂ ಕಾಣದೆ ಮನುಷ್ಯನನ್ನು ಹಿಂಡುವುದು ಇನ್ನೊಂದು. ಈ ಎರಡನೆಯದು ದೇಹದಿಂದ, ರಕ್ತದ ಸ್ಥಿತಿಯಿಂದ ಹುಟ್ಟುವುದಾದ್ದರಿಂದ ಅದಕ್ಕೆ ದೇಹದ ಚಿಕಿತ್ಸೆಯೇ ಬೇಕೆಂದು ಅವರು ವಿವರಿಸಿದರು. ಅವರ ಕಾಲದ ರಕ್ತದ ಸಿದ್ಧಾಂತ ಇಂದು ಉಳಿದಿಲ್ಲ. ಆದರೆ ನಿನಗೇನು ಕಡಿಮೆಯಾಗಿದೆ ಎಂದು ಇಂದಿಗೂ ರೋಗಿಯನ್ನು ಪೀಡಿಸುವ ಬಂಧುಗಳಿಗಿಂತ ಅವರು ಸಾವಿರ ವರ್ಷ ಮುಂದಿದ್ದರು ಎನ್ನದೆ ನಿರ್ವಾಹವಿಲ್ಲ.

ಗ್ರಂಥಗಳಲ್ಲಿ ಮಾತ್ರವಲ್ಲ, ಕಟ್ಟಡಗಳಲ್ಲಿಯೂ ಈ ಪರಂಪರೆ ಇತ್ತು. ಒಂಬತ್ತನೆಯ ಶತಮಾನದಲ್ಲಿ ಈಜಿಪ್ಟಿನ ಇಬ್ನು ತೂಲೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಬುದ್ಧಿಭ್ರಮಣೆಯಾದವರಿಗೂ ಸ್ಥಳವಿತ್ತು. ಸ್ವತಃ ಅರಸನೇ ಭೇಟಿ ನೀಡುತ್ತಿದ್ದನೆಂದೂ, ರೋಗಿಯೊಬ್ಬನು ದಾಳಿಂಬೆ ಕೇಳಿ ಪಡೆದು ಅದನ್ನು ಅರಸನ ಎದೆಗೇ ಎಸೆದ ಬಳಿಕ ಭೇಟಿ ನಿಂತಿತೆಂದೂ ಒಂದು ಕಥೆಯಿದೆ. ದಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್, ಕೈರೋದಲ್ಲಿ 1284ರಲ್ಲಿ ಖಲಾವೂನ್, ಅಲೆಪ್ಪೊದಲ್ಲಿ 1354ರಲ್ಲಿ ಅರ್ಗೂನ್ ಕಟ್ಟಿಸಿದ ಬೀಮಾರಿಸ್ತಾನ್‌ಗಳು ವಕ್ಫ್‌ನ ಆದಾಯದಿಂದ ನಡೆಯುತ್ತಿದ್ದವು. ಮನೋರೋಗಿಗಾಗಿ ವೈದ್ಯರನ್ನು ನೇಮಿಸುವುದು ಪುಣ್ಯಕಾರ್ಯವೆಂದು ತಿಳಿದವರು ಅವುಗಳಿಗೆ ಭೂಮಿ, ಅಂಗಡಿಗಳನ್ನು ವಕ್ಫ್ ಮಾಡಿದ್ದರು.

ಆ ಸಮುದಾಯಕ್ಕೇ ಸೇರಿದ ನಾವು ಎಲ್ಲಿಗೆ ತಲುಪಿದೆವು ಎಂಬುದಕ್ಕೆ 2001ರ ಆಗಸ್ಟ್ 6ನ್ನು ನೆನೆದರೆ ಸಾಕು. ಅಂದು ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಮನೋರೋಗಿಗಳ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ರೋಗಿಗಳ ಕಾಲುಗಳಿಗೆ ಸರಪಳಿಯಿತ್ತು. 28 ಮಂದಿ ಸತ್ತರು. ಶಿಫಾ ಅರಸಿ ಅವರನ್ನು ಅಲ್ಲಿ ಬಿಟ್ಟುಬಂದ ಕುಟುಂಬಗಳು ಕ್ರೂರಿಗಳಾಗಿರಲಿಲ್ಲ. ಬೇರೆ ದಾರಿಯಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಇಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಮನೋರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದು ನಿಷಿದ್ಧ. ಅದೇ ಏರ್ವಾಡಿಯಲ್ಲಿ, ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಈಗ ದವಾ ಮತ್ತು ದುಆ ಜೊತೆಜೊತೆಯಾಗಿ ನಡೆಯುವ ಏರ್ಪಾಡುಗಳಿವೆ. ದುಆಗಾಗಿ ಬಂದವರನ್ನು ಅಲ್ಲಿಯೇ ಮನೋವೈದ್ಯರೂ ನೋಡುತ್ತಾರೆ. ದರ್ಗಾಗಳಲ್ಲಿ ನಡೆಯುವ ಆಚರಣೆಗಳ ಬಗ್ಗೆ ನಮಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಮುಜಾವರರು ರೋಗಿಯನ್ನು ವೈದ್ಯರ ಕಡೆಗೆ ಕಳುಹಿಸಬಲ್ಲರಾದರೆ ಖತೀಬರಿಗೂ ಮದ್ರಸ ಅಧ್ಯಾಪಕರಿಗೂ ಅದು ಅಸಾಧ್ಯವಾಗಬಾರದು.

ಮಾತ್ರೆ ಸೇವಿಸುತ್ತಿರುವವರು ನಮ್ಮಲ್ಲಿ ಪದೇ ಪದೇ ಕೇಳುವ ಕೆಲವು ಪ್ರಶ್ನೆಗಳಿವೆ. ಖಿನ್ನತೆಯ ಔಷಧವು ನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಪರಿಣಾಮ ಬೀರುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಸಮಯ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆಭಾರ ಇರಬಹುದು. ಹತ್ತು ದಿನ ತಿಂದು ಏನೂ ಆಗಲಿಲ್ಲವೆಂದು ಬಿಡುವವರು ಫಲ ಬರುವ ಮೊದಲೇ ಗಿಡ ಕಿತ್ತವರಾಗುತ್ತಾರೆ. ಇವೆಲ್ಲ ಅಮಲಿನ ಪದಾರ್ಥಗಳೆಂಬ ಮಾತೂ ಸರಿಯಲ್ಲ. ನಿದ್ದೆಗಾಗಿ, ತಳಮಳಕ್ಕಾಗಿ ಕೊಡುವ ಕೆಲವು ಮಾತ್ರೆಗಳು ಅಭ್ಯಾಸವಾಗಬಲ್ಲವು. ಅದಕ್ಕಾಗಿಯೇ ವೈದ್ಯರು ಅವುಗಳನ್ನು ಅಲ್ಪಾವಧಿಗೆ ಬರೆದುಕೊಡುತ್ತಾರೆ. ಖಿನ್ನತೆಯ ಔಷಧಗಳು ಆ ಗುಂಪಿಗೆ ಸೇರಿದವಲ್ಲ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ ಬರುತ್ತದೆ. ಆದುದರಿಂದ ನಿಲ್ಲಿಸುವಾಗಲೂ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಪ್ರಮಾಣ ತಗ್ಗಿಸಬೇಕು.

ರಮಝಾನ್ ಬಂದಾಗ ದಿನಕ್ಕೆ ಒಂದು ಅಥವಾ ಎರಡು ಬಾರಿ ಸೇವಿಸುವ ಔಷಧಗಳನ್ನು ಹೆಚ್ಚಾಗಿ ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಹೊಂದಿಸಬಹುದು. ಎಲ್ಲ ಔಷಧಗಳ ವಿಷಯ ಹಾಗಲ್ಲ. ಲಿಥಿಯಂ ಸೇವಿಸುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿ ಅಪಾಯವಾಗಬಹುದು. ಅಂತಹವರು ಶಅಬಾನ್ ತಿಂಗಳಲ್ಲಿಯೇ ವೈದ್ಯರನ್ನು ಕಾಣಬೇಕು. ಉಪವಾಸ ಬೇಡವೆಂದರೆ ಅಲ್ಬಖರಃ ಅಧ್ಯಾಯದಲ್ಲಿ ರೋಗಿಗೆ ನೀಡಲಾದ ವಿನಾಯಿತಿಯನ್ನು ಸಂತೋಷದಿಂದ ಸ್ವೀಕರಿಸಬೇಕು: ಗುಣವಾಗುವ ರೋಗವಾದರೆ ಬಳಿಕ ಖಝಾ, ದೀರ್ಘಕಾಲದ ರೋಗವಾದರೆ ಫಿದ್ಯಾ. ಆ ವಚನದಲ್ಲಿ ರೋಗಿ ಎಂದಷ್ಟೇ ಇದೆ, ಹೊಟ್ಟೆಯ ರೋಗಿ ಎಂದಿಲ್ಲ. ಕ್ಯಾಪ್ಸೂಲ್‌ನ ಜೆಲಾಟಿನ್ ಬಗ್ಗೆ ಆತಂಕಪಡುವವರು ಅದೇ ಔಷಧ ಮಾತ್ರೆಯ ರೂಪದಲ್ಲಿದೆಯೇ ಎಂದು ವೈದ್ಯರನ್ನೇ ಕೇಳಬಹುದು.

ಫಜ್ರ್ ನಮಾಝ್‌ನ ಪ್ರಶ್ನೆ ಇವೆಲ್ಲಕ್ಕಿಂತ ಹೆಚ್ಚು ಕಣ್ಣೀರು ತರಿಸುತ್ತದೆ. ರಾತ್ರಿಯ ಮಾತ್ರೆಯ ಮಂಪರಿನಿಂದ ಎಚ್ಚರವಾಗದೆ ಫಜ್ರ್ ತಪ್ಪಿಹೋಗುತ್ತಿದೆ, ಇಂತಹ ಮಾತ್ರೆ ಹರಾಮ್ ಅಲ್ಲವೇ ಎಂದು ಒಬ್ಬ ಸಹೋದರಿ ಕೇಳಿದ್ದಾರೆ. ಮೊದಲು ವೈದ್ಯರಲ್ಲಿ ಹೇಳಿ; ಮಾತ್ರೆಯ ಹೊತ್ತನ್ನು ಮಗ್ರಿಬ್‌ನ ಬಳಿಕಕ್ಕೆ ಸರಿಸಲು ಅಥವಾ ಮಾತ್ರೆಯನ್ನೇ ಬದಲಿಸಲು ಸಾಧ್ಯವಾಗಬಹುದು. ಮನೆಯವರು ಎಬ್ಬಿಸಲಿ. ಅಷ್ಟಾದರೂ ಎಚ್ಚರವಾಗದಿದ್ದರೆ ಸಫ್ವಾನ್ ಬಿನ್ ಮುಅತ್ತಲ್(ರ)ರ ಪ್ರಸಂಗವಿದೆ. ಸೂರ್ಯೋದಯದವರೆಗೆ ಇವರು ಸುಬ್ಹ್ ನಮಾಝ್ ಮಾಡುವುದಿಲ್ಲವೆಂದು ಅವರ ಪತ್ನಿ ದೂರಿತ್ತಾಗ, ನಮ್ಮ ಕುಟುಂಬವೇ ಹೀಗೆ, ಎಚ್ಚರವಾಗುವುದೇ ಇಲ್ಲ ಎಂದು ಅವರು ನಿವೇದಿಸಿದರು. ಎಚ್ಚರವಾದಾಗ ನಮಾಝ್ ನಿರ್ವಹಿಸುವಂತೆ ಪ್ರವಾದಿವರ್ಯರು(ಸ) ತಿಳಿಸಿದರು. ಮೊಬೈಲ್ ನೋಡುತ್ತ ಎರಡು ಗಂಟೆಗೆ ಮಲಗುವವರಿಗೆ ಇದರಲ್ಲಿ ಪಾಲಿಲ್ಲ.

ಮದುವೆಯ ವಿಷಯದಲ್ಲಿ ನಮ್ಮವರ ನಡವಳಿಕೆ ಎರಡು ಪಟ್ಟು ತಪ್ಪು. ಸಂಬಂಧ ತಪ್ಪಿಹೋಗುವುದೆಂಬ ಭಯದಿಂದ ರೋಗವನ್ನು ಮುಚ್ಚಿಡುವುದು ಮೊದಲ ತಪ್ಪು. ಗಂಡನ ಮನೆಯಲ್ಲಿ ಗೊತ್ತಾಗಬಾರದೆಂದು ಮದುಮಗಳ ಮಾತ್ರೆಯನ್ನು ನಿಕಾಹ್‌ಗೆ ಮುಂಚೆ ನಿಲ್ಲಿಸಿಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹೊಸ ಮನೆ, ನಿದ್ದೆಗೇಡು, ಅಪರಿಚಿತ ಮುಖಗಳು, ಜೊತೆಗೆ ಔಷಧವೂ ಇಲ್ಲ. ರೋಗ ಮರಳಲು ಇನ್ನೇನು ಬೇಕು? ಆಗ ತಲಾಕ್‌ನ ಮಾತು ಬರುತ್ತದೆ, ಹೆಣ್ಣಿನ ಕಡೆಯವರು ವಂಚಕರೆನಿಸಿಕೊಳ್ಳುತ್ತಾರೆ. ತಿಳಿಸಬೇಕಾದವರಿಗೆ ತಿಳಿಸಬೇಕಾದಷ್ಟನ್ನು ತಿಳಿಸಿ ಮಾಡಿದ ಮದುವೆಗಳು ಸುಖವಾಗಿ ನಡೆಯುತ್ತಿರುವುದನ್ನು ನಾವು ಕಂಡಿದ್ದೇವೆ. ಗಂಡುಮಕ್ಕಳ ವಿಷಯದಲ್ಲಿ, ಮದುವೆಯಾದರೆ ಸರಿಹೋಗುತ್ತಾನೆ ಎಂಬ ಮಾತು ಇನ್ನೊಂದು ಮನೆಯ ಮಗಳ ಮೇಲೆ ನಡೆಸುವ ಅನ್ಯಾಯ.

ವೈದ್ಯರ ಕಡೆಯಿಂದಲೂ ಕೊರತೆಗಳಿವೆ. ಮುಖ ನೋಡದೆ ಎರಡು ನಿಮಿಷದಲ್ಲಿ ಚೀಟಿ ಬರೆಯುವವರಿದ್ದಾರೆ. ದುಆ ಬಗ್ಗೆ ಹೇಳಿದರೆ ನಗುವವರ ಅನುಭವವೂ ನಮ್ಮವರಿಗಾಗಿದೆ. ಅಂತಹವರು ಸಿಕ್ಕಿದರೆ ವೈದ್ಯರನ್ನು ಬದಲಿಸಬೇಕು, ವೈದ್ಯಕೀಯವನ್ನಲ್ಲ. ಮಾತ್ರೆಯೊಂದೇ ಎಲ್ಲವೂ ಅಲ್ಲ ಎಂದು ಒಳ್ಳೆಯ ವೈದ್ಯರೇ ಹೇಳುತ್ತಾರೆ; ಆಪ್ತ ಸಮಾಲೋಚನೆ, ನಿದ್ದೆ, ನಡಿಗೆ, ಮನೆಯವರ ಮೃದು ಮಾತು ಎಲ್ಲವೂ ಬೇಕು.

ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಸಮೀಕ್ಷೆಯ ಕಾಲದಲ್ಲಿ ಯಾವುದಾದರೊಂದು ಮಾನಸಿಕ ಸಮಸ್ಯೆಯಿತ್ತು, ರೋಗಕ್ಕನುಸಾರವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಇನ್ನೂರು ಮಂದಿ ವಯಸ್ಕರು ನಿಲ್ಲುವ ಒಂದು ಜುಮಾ ಜಮಾಅತ್‌ನಲ್ಲಿ ಇದೇ ಪ್ರಮಾಣ ಹಿಡಿದರೆ ಸುಮಾರು ಇಪ್ಪತ್ತೊಂದು ಮಂದಿಯಾದರು. ಖತೀಬರು ಈಮಾನ್ ದುರ್ಬಲವಾದವರ ರೋಗವೆಂದು ಹೇಳುವಾಗ ಅವರು ಕೇಳುತ್ತ ಕುಳಿತಿರುತ್ತಾರೆ.

ಜಮಾಅತ್ ಕಮಿಟಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ನಡೆಸಿದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ; ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಅದೇ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಹಲವು ಔಷಧಗಳು ಉಚಿತವಾಗಿಯೂ ದೊರೆಯುತ್ತವೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಬದುಕುವುದೇ ಬೇಡವೆನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲಾದರೂ ಬಂದರೆ, ಇದು ಹರಾಮ್ ಎಂದು ಗದರಿಸಿ ಸುಮ್ಮನಾಗದೆ ಅವರ ಬಳಿಯೇ ಇದ್ದು ಆ ಸಂಖ್ಯೆಗೆ ಕರೆ ಮಾಡಬೇಕು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಸಂಖ್ಯೆಯನ್ನು ನಮಾಝ್ ವೇಳಾಪಟ್ಟಿಯ ಕೆಳಗೆ, ಮಹಿಳೆಯರ ವಿಭಾಗದಲ್ಲಿಯೂ, ಅಂಟಿಸಲು ಕಮಿಟಿಯ ನಿರ್ಣಯವೂ ಬೇಕಾಗಿಲ್ಲ. ಬಡ ರೋಗಿಯ ಬಸ್ಸಿನ ಖರ್ಚು, ಹೊರಗಿನಿಂದ ತರಬೇಕಾದ ಔಷಧದ ಖರ್ಚು ಝಕಾತ್‌ನ ಹಕ್ಕಿನಲ್ಲಿಯೇ ಬರುತ್ತದೆ. ಡಯಾಲಿಸಿಸ್‌ಗೆ, ಹೃದಯದ ಶಸ್ತ್ರಚಿಕಿತ್ಸೆಗೆ ನಮ್ಮ ಜಮಾಅತ್‌ಗಳು ಧಾರಾಳವಾಗಿ ಕೊಡುತ್ತಿವೆ. ಈ ರಮಝಾನಿನ ಪಟ್ಟಿಯಲ್ಲಿ ಮನೋರೋಗಿಯ ಹೆಸರನ್ನೂ, ಮನೆಯವರ ಮಾನ ಕಾಯ್ದು, ಗುಟ್ಟಾಗಿಯೇ ಬರೆದುಕೊಳ್ಳಲಿ.